ಎಡ ಹೆಬ್ಬೆರಳ ಬುಡದ ಕಲೆ

ಚೆನ್ನಾಗಿರುವ ಕೈಯನ್ನು ಕಟ್ಟಿಹಾಕುವುದು ನಮ್ಮ ಚಿಕಿತ್ಸೆಯ ಮೊದಲ ಹೆಜ್ಜೆ. ಕೇಳಿದವರಿಗೆ ಇದು ತಲೆಕೆಟ್ಟವರ ಕೆಲಸ ಅನ್ನಿಸಿದರೆ ತಪ್ಪಿಲ್ಲ. ಮಗುವಿನ ಎಡಗೈ ಏಳುತ್ತಿಲ್ಲ ಎಂದು ಕೆಲಸ ಬಿಟ್ಟು, ಬಸ್ಸು ಹತ್ತಿ ಕರೆತಂದರೆ, ಈ ಮೇಡಂ ಬಲಗೈಗೆ ಬೆರಳ ತುದಿಯಿಂದ ಮೊಣಕೈ ಮೇಲಿನವರೆಗೆ ಪ್ಲಾಸ್ಟರ್ ಸುತ್ತುತ್ತಾಳೆ. ದಸರಾ ರಜೆಯ ಮೊದಲ ಸೋಮವಾರ, ಹುಣಸೂರಿನ ಒಂದು ಸಮುದಾಯ ಭವನದಲ್ಲಿ, ನಮ್ಮ ಎರಡು ವಾರದ ಶಿಬಿರದಲ್ಲಿ ನಾನು ಬಕೆಟ್ಟಿನಲ್ಲಿ ಬ್ಯಾಂಡೇಜು ನೆನೆಸಿಕೊಂಡು ಕೂತಾಗ, ಏಳು ವರ್ಷದ ಹುಡುಗಿಯೊಬ್ಬಳ ಅಜ್ಜಿ ನನ್ನ ಮಣಿಕಟ್ಟನ್ನೇ ಹಿಡಿದು ನಿಲ್ಲಿಸಿದರು.

“ಚೆಂದಾಗಿರೋ ಕೈನೇ ಕಟ್ಟಾಕುದ್ರೆ ಮಗ ಬದ್ಕೋದೆಂಗವ್ವ?”

ಈ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಉತ್ತರವಿತ್ತು. ಹುಟ್ಟುವ ಹೊತ್ತಿಗೆ ಮಗುವಿನ ಮೆದುಳಿನ ಒಂದು ಪಕ್ಕಕ್ಕೆ ಪೆಟ್ಟು ಬಿದ್ದಿದೆ, ಅದಕ್ಕೆ ಸೆರೆಬ್ರಲ್ ಪಾಲ್ಸಿ ಅನ್ನುತ್ತಾರೆ, ಎಡಗೈಗೆ ಬಲವಿದ್ದರೂ ಅದನ್ನು ಬಳಸುವುದು ಅವಳಿಗೆ ಕಷ್ಟ, ಬಲಗೈ ಎಲ್ಲವನ್ನೂ ಮಾಡಿಬಿಡುವುದರಿಂದ ಎಡಗೈ ಕೆಲಸ ಕಲಿಯುವುದೇ ಇಲ್ಲ, ಹಾಗಾಗಿ ಎರಡು ವಾರ ಬಲಗೈಗೆ ರಜೆ ಕೊಟ್ಟು ಎಡಗೈಯನ್ನು ಕೆಲಸಕ್ಕೆ ಕರೆಯಬೇಕು ಎಂದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡರು. ತಮ್ಮ ಮನೆಯಲ್ಲೂ ಹೀಗೇ ಆಗಿದೆ, ದೊಡ್ಡ ಮಗ ಎಲ್ಲ ಮಾಡುತ್ತಾನೆಂದು ಚಿಕ್ಕವನು ಜಗಲಿ ಬಿಟ್ಟು ಏಳುವುದಿಲ್ಲ, ಅವನಿಗೂ ಇಂಥದ್ದೇನಾದರೂ ಇದೆಯೇ ಎಂದು ಕೇಳಿ ನನ್ನ ಮಣಿಕಟ್ಟು ಬಿಟ್ಟರು. ಹುಡುಗಿಯ ತಾಯಿ ಮಾತ್ರ ನಗಲಿಲ್ಲ.

ಆ ತಾಯಿಗೆ ನಗು ಬರದಿದ್ದಕ್ಕೆ ಕಾರಣವಿತ್ತು. ಅವರದು ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವ ದಾರಿಯಿಂದ ಒಳಗಿರುವ ಹಳ್ಳಿ, ಹೊಗೆಸೊಪ್ಪಿನ ಬೇಸಾಯ. ಹುಡುಗಿ ಎರಡನೇ ತರಗತಿ. ಓದುವುದರಲ್ಲಿ ಚುರುಕು. ಬಲಗೈಯೊಂದರಲ್ಲೇ ಬರೆಯುತ್ತಾಳೆ, ತಟ್ಟೆ ಹಿಡಿಯುತ್ತಾಳೆ, ಓಡುತ್ತಾಳೆ. ಆದರೆ ಶೌಚಕ್ಕೆ ಹೋದರೆ ಚಡ್ಡಿ ಮೇಲಕ್ಕೆ ಎಳೆದುಕೊಳ್ಳಲು ಬರುವುದಿಲ್ಲ. ಬಲಗೈಯಿಂದ ಬಲಪಕ್ಕ ಮಾತ್ರ ಮೇಲೆ ಬರುತ್ತದೆ, ಎಡಪಕ್ಕ ತೊಡೆಯಲ್ಲೇ ಉಳಿಯುತ್ತದೆ. ಮೊದಲು ಒಬ್ಬ ಮಿಸ್ಸು ಸಹಾಯ ಮಾಡುತ್ತಿದ್ದರು, ಅವರಿಗೆ ವರ್ಗವಾಯಿತು. ಈಗ ಇರುವವರು ಇಬ್ಬರೂ ಮೇಷ್ಟ್ರುಗಳು. ಒಮ್ಮೆ ಹಾಗೇ ಹೊರಗೆ ಬಂದಾಗ ಹುಡುಗರು ನಕ್ಕರಂತೆ. ಅಂದಿನಿಂದ ಅವಳು ಬೆಳಿಗ್ಗೆಯಿಂದ ನೀರನ್ನೇ ಕುಡಿಯದೆ ಶಾಲೆಗೆ ಹೋಗತೊಡಗಿದಳು. ಆಮೇಲೆ ಅಜ್ಜಿ ದಿನಾ ಮಧ್ಯಾಹ್ನ ಊಟದ ಬೆಲ್ಲಿಗೆ ಸರಿಯಾಗಿ ಶಾಲೆಗೆ ನಡೆದು ಹೋಗಿ ಬರುವ ಏರ್ಪಾಡಾಯಿತು. ಈಗ ಅಜ್ಜಿಯ ಮಂಡಿ ಊದಿದೆ, ತಾಯಿ ಸೊಪ್ಪು ಮುರಿಯಲು ಹೋಗಬೇಕು. ರಜೆ ಮುಗಿದ ಮೇಲೆ ಶಾಲೆ ಬಿಡಿಸುವುದೆಂದು ತಂದೆ ತೀರ್ಮಾನ ಮಾಡಿಬಿಟ್ಟಿದ್ದರು.

ನಾನು ಇದನ್ನೆಲ್ಲ ಫಾರ್ಮಿನಲ್ಲಿ ಬರೆದುಕೊಂಡೆ. ‘ಮನೆಯವರ ಗುರಿ’ ಎಂಬ ಕಾಲಮ್ಮಿನಲ್ಲಿ ‘ಶೌಚದ ನಂತರ ಬಟ್ಟೆ ಹಾಕಿಕೊಳ್ಳುವುದು’ ಎಂದು ನೀಟಾಗಿ ಬರೆದೆ. ಬರೆದು, ಪುಟ ತಿರುಗಿಸಿ, ಮರೆತೆ.

ಶಿಬಿರಕ್ಕೆ ಬಂದ ಮಕ್ಕಳು ಆರು. ಭೇರ್ಯದ ಕಡೆಯ ಇಬ್ಬರು, ಸರಗೂರು ಕಾಡಂಚಿನ ಆದಿವಾಸಿ ಹಾಡಿಯೊಂದರ ಹುಡುಗ, ಕೋಟೆ ತಾಲ್ಲೂಕಿನ ಇಬ್ಬರು, ಮತ್ತೆ ಈ ಹುಡುಗಿ. ದೂರದವರು ಹುಣಸೂರಿನ ನೆಂಟರ ಮನೆಗಳಲ್ಲಿ ಉಳಿದುಕೊಂಡಿದ್ದರು. ಮಕ್ಕಳು ನನ್ನನ್ನು ‘ಕೈ ಮಿಸ್ಸು’ ಎಂದು ಕರೆಯುತ್ತಿದ್ದರು. ಜೊತೆಗೆ ಒಬ್ಬ ಸಹಾಯಕಿ, ಸಾಮಾನು ಸಾಗಿಸುವ ಓಮ್ನಿ, ಅದರ ಡ್ರೈವರ್. ಡ್ರೈವರ್ ಕೋಟೆ ಕಡೆಯ ಹೊಗೆಸೊಪ್ಪಿನ ಊರಿನವರು. ನಾನು ಚುಂಚನಕಟ್ಟೆಯ ಹತ್ತಿರದ ಭತ್ತದ ಊರಿನವಳು. ನಿಮ್ಮ ಕಡೆಯವರಿಗೆ ನಾಲೆ ನೀರು ಬಿಟ್ಟರೆ ಲೋಕಜ್ಞಾನವಿಲ್ಲ ಎಂದು ಅವರು ದಿನಕ್ಕೊಮ್ಮೆಯಾದರೂ ಚುಚ್ಚುತ್ತಿದ್ದರು. ಅವರ ಮಾತು ಎಷ್ಟು ನಿಜವೆಂದು ನನಗೆ ಮುಂದಿನ ವಾರವೇ ಗೊತ್ತಾಗಲಿತ್ತು.

ಪ್ಲಾಸ್ಟರ್ ಒಣಗಿದ ಮೇಲೆ ಅದನ್ನು ಉದ್ದಕ್ಕೆ ಸೀಳಿ ಎರಡು ಹೋಳಿನ ಕವಚ ಮಾಡುತ್ತೇವೆ. ಒಳಗೆ ಹತ್ತಿ, ಮೇಲೆ ಕ್ರೇಪ್ ಬ್ಯಾಂಡೇಜು. ಊಟಕ್ಕೆ, ನಿದ್ದೆಗೆ, ಸ್ನಾನಕ್ಕೆ ಬಿಚ್ಚಬಹುದು. ಎಡಗೈಯಲ್ಲಿ ಉಣ್ಣಿಸುವುದನ್ನು ಅಜ್ಜಿ ಒಪ್ಪುವುದಿಲ್ಲವೆಂದು ನನಗೆ ಗೊತ್ತಿತ್ತು, ಹಾಗಾಗಿ ಊಟದ ತಂಟೆಗೆ ಹೋಗಲಿಲ್ಲ. ದಿನಕ್ಕೆ ಆರು ಗಂಟೆ ಕವಚ ಇರಬೇಕು, ಭವನದಲ್ಲಿ ನಾಲ್ಕು, ಮನೆಯಲ್ಲಿ ಎರಡು. ಮನೆಯ ಎರಡು ಗಂಟೆಗೆ ಒಂದು ನೋಟ್‌ಬುಕ್ಕು, ತಾಯಿ ಅದರಲ್ಲಿ ಬರೆದು ತರಬೇಕು. ಶುರುವಿನಲ್ಲೊಮ್ಮೆ ಕೊನೆಯಲ್ಲೊಮ್ಮೆ ಅಳತೆ. ಒಂದು ಪೆಟ್ಟಿಗೆ, ನಡುವೆ ಅಡ್ಡ ಹಲಗೆ, ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಒಂದು ನಿಮಿಷದಲ್ಲಿ ಎಷ್ಟು ಮರದ ಬಿಲ್ಲೆ ದಾಟಿಸುತ್ತಾರೆಂದು ಎಣಿಸುವುದು. ಹುಡುಗಿಯ ಎಡಗೈ ಆ ಸೋಮವಾರ ದಾಟಿಸಿದ್ದು ಐದು.

ಅವಳ ಹೆಬ್ಬೆರಳೇ ನನ್ನ ಶತ್ರು. ಅದು ಅಂಗೈಯೊಳಗೆ ಮಡಚಿಕೊಂಡು, ಉಳಿದ ನಾಲ್ಕು ಬೆರಳು ಅದರ ಮೇಲೆ ಮುಚ್ಚಿಕೊಂಡಿರುತ್ತಿತ್ತು. ದಿನಾ ಬೆಳಿಗ್ಗೆ ಅದನ್ನು ಬುಡದಲ್ಲಿ ಹಿಡಿದು ನಿಧಾನವಾಗಿ ಹೊರಗೆ ತರುತ್ತಿದ್ದೆ. ಬಿಟ್ಟರೆ ಮತ್ತೆ ಒಳಗೆ. ರಾಗಿ ತಟ್ಟೆಯಲ್ಲಿ ಗೋಲಿ ಹುಡುಕಿಸಿದೆ, ಸ್ಪಂಜು ಹಿಂಡಿಸಿದೆ, ಬಟ್ಟೆ ಕ್ಲಿಪ್ಪು ತೆಗೆಸಿದೆ. ಒಂದು ಕೆಲಸ ಸುಲಭವಾದ ಕೂಡಲೇ ಅದನ್ನು ಕೂದಲೆಳೆಯಷ್ಟು ಕಷ್ಟ ಮಾಡುವುದು ನಮ್ಮ ಕ್ರಮ. ಗೋಲಿ ಚಿಕ್ಕದಾಗುತ್ತದೆ, ತಟ್ಟೆ ದೂರವಾಗುತ್ತದೆ. ಬುಧವಾರ ಬಿಲ್ಲೆ ಆರಾಯಿತು, ಗುರುವಾರವೂ ಆರು, ಶುಕ್ರವಾರ ಮತ್ತೆ ಐದು. ಹುಡುಗಿ ಅಳುತ್ತಿರಲಿಲ್ಲ, ಅದು ಇನ್ನೂ ಕಷ್ಟ. ಕವಚದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಹೇಳಿದ್ದನ್ನು ಮಾಡಿ, ಗೋಡೆಯ ಗಡಿಯಾರ ನೋಡುತ್ತಿದ್ದಳು.

ಶನಿವಾರ ನಾನು ನೋಟ್‌ಬುಕ್ಕು ತೆರೆದೆ. ಐದು ದಿನವೂ ಒಂದೇ ಅಕ್ಷರ, ಒಂದೇ ಪೆನ್ನು, ‘ಎರಡು ಗಂಟೆ ಮಾಡಿದೆ’ ಎಂದು. ಒಂದೇ ಸಲ ಕೂತು ಬರೆದದ್ದೆಂದು ನೋಡಿದರೇ ತಿಳಿಯುತ್ತಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ. ತಾಯಿಯನ್ನು ಪಕ್ಕಕ್ಕೆ ಕರೆದು, ನೀವು ನನಗೆ ಸುಳ್ಳು ಬರೆದರೆ ನಷ್ಟ ನನಗಲ್ಲ ಎಂದು ಜೋರಾಗಿಯೇ ಹೇಳಿದೆ. ಆಕೆ ತಲೆ ತಗ್ಗಿಸಿ, ಮನೆಯಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಹತ್ತಿಸಿದ್ದಾರೆ, ಗೋಲಿ ಆಡಿಸುತ್ತಾ ಕೂರಲು ಯಾರಿಗೂ ಪುರಸೊತ್ತಿಲ್ಲ ಎಂದರು. ಆಗ ನಾನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

“ಗೋಲಿ ಬೇಡ, ಬಿಡಿ. ಮನೇಲಿ ನೀವು ಏನು ಕೆಲಸ ಮಾಡ್ತೀರೋ ಅದಕ್ಕೇ ಅವಳನ್ನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ. ಎಷ್ಟು ಹೊತ್ತು ಮಾಡಿದ್ರೆ ಅಷ್ಟು ಒಳ್ಳೇದು.”

ಭತ್ತದ ಊರಿನವಳ ಮಾತು ಅದು. ಕಾಳು ಆರಿಸುವುದು, ಸೊಪ್ಪು ಸೋಸುವುದು, ಬೆಳ್ಳುಳ್ಳಿ ಬಿಡಿಸುವುದು ಇಷ್ಟೇ ನನ್ನ ಕಣ್ಣ ಮುಂದೆ ಇದ್ದದ್ದು. ಬ್ಯಾರನ್ ಹತ್ತಿಸಿದ ಮನೆಯಲ್ಲಿ ಆ ದಿನಗಳಲ್ಲಿ ನಡೆಯುವ ಕೆಲಸ ಒಂದೇ ಎಂದು ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ತಾಯಿ ಹುಡುಗಿಯನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದರು. ಬಸ್ಸಿನಲ್ಲಿ ವಾಂತಿಯಾಯಿತು ಎಂದರು. ಜಮಖಾನದ ಮೇಲೆ ಮಲಗಿಸಿದೆವು. ಮುಖ ಬಿಳಿಚಿತ್ತು, ಹಣೆಯಲ್ಲಿ ತಣ್ಣನೆ ಬೆವರು, ಬಾಯಲ್ಲಿ ಜೊಲ್ಲು ನಿಲ್ಲುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಮತ್ತೆ ಎರಡು ಸಲ ಕಕ್ಕಿದಳು. ಈ ಹುಡುಗಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬಂದಿತ್ತು, ಈಗಲೂ ಎರಡು ಹೊತ್ತು ಔಷಧಿ ಇದೆ. ಔಷಧಿ ತಪ್ಪಿತೇ, ತಲೆಗೆ ಪೆಟ್ಟು ಬಿತ್ತೇ ಎಂದು ಕೇಳಿದೆ. ತಾಯಿ ಎರಡಕ್ಕೂ ಇಲ್ಲವೆಂದು ತಲೆಯಾಡಿಸಿದರು. ನಿನ್ನೆ ಏನು ತಿಂದಳು, ಏನು ಮಾಡಿದಳು ಎಂದು ಕೇಳಿದಾಗ ಮಾತ್ರ ಸೆರಗಿನಿಂದ ಮಗಳ ಬಾಯಿ ಒರೆಸತೊಡಗಿದರು.

ಬೆಳಿಗ್ಗೆ ಹೊತ್ತು ತಂದ ಕೂಡಲೇ ಕವಚದ ಬ್ಯಾಂಡೇಜು ಬಿಚ್ಚಿ ಎಸೆದಿದ್ದೆ. ಓಮ್ನಿಯ ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ. ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷ ಅವಳ ನಾಡಿ ಹಿಡಿದು, ಕಣ್ಣು ಮೇಲಕ್ಕೆ ಹೋಗುತ್ತದೆಯೇ ಎಂದು ನೋಡುತ್ತಾ ಕೂತಿದ್ದೆ. ನಾನು ದಣಿಸಿದ್ದು ಹೆಚ್ಚಾಯಿತೇ, ದಿನಕ್ಕೆ ಆರು ಗಂಟೆ ಕಟ್ಟಿಹಾಕಿ ಈ ಕೂಸಿನ ತಲೆಯೊಳಗೆ ಏನನ್ನಾದರೂ ಕೆರಳಿಸಿದೆನೇ ಎಂಬ ಭಯ. ಗೇಟಿನ ಹತ್ತಿರ ಡ್ರೈವರ್ ಗಾಡಿ ನಿಲ್ಲಿಸಿ ಮಗುವನ್ನು ಎತ್ತಿಕೊಳ್ಳಲು ಬಗ್ಗಿದವರು, ಅವಳ ಕೈಯನ್ನು ಮೂಗಿನ ಹತ್ತಿರ ತಂದುಕೊಂಡರು.

“ಮೇಡಂ, ಇದು ಫಿಟ್ಸಲ್ಲ ಕಣ್ರೀ. ಮಗ ನೆನ್ನೆ ಸೊಪ್ಪು ಕಟ್ಟಿರ್ಬೇಕು. ಕೈ ನೋಡಿ.”

ಬಲಗೈ ಬೆರಳುಗಳಲ್ಲಿ ಕಪ್ಪು ಹಸಿರು ಜಿಗುಟು. ಹಸಿ ಹೊಗೆಸೊಪ್ಪಿನ ರಸ. ತಾಯಿ ಅಲ್ಲೇ ಅಳತೊಡಗಿದರು. ಭಾನುವಾರ ಬೆಳಿಗ್ಗೆ ಮಳೆ ಹನಿದಿತ್ತು, ಒದ್ದೆ ಸೊಪ್ಪು ತಂದು ಕಡ್ಡಿಗೆ ಕಟ್ಟಲು ಕೂತಿದ್ದರು, ಮೇಡಂ ಹೇಳಿದ್ದಾರಲ್ಲ ಎಂದು ಮಗಳನ್ನೂ ಅಜ್ಜಿಯ ಪಕ್ಕ ಕೂರಿಸಿದ್ದರು. ಎಷ್ಟು ಹೊತ್ತು ಮಾಡಿದರೆ ಅಷ್ಟು ಒಳ್ಳೆಯದು ಎಂದಿದ್ದೆನಲ್ಲ, ಬೆಳಗಿನಿಂದ ಸಂಜೆಯವರೆಗೆ ಕೂರಿಸಿದ್ದರು. ಮಕ್ಕಳ ಕೈಗೆ ಸೊಪ್ಪು ಕೊಡಬಾರದೆಂದು ಶಾಲೆಯಲ್ಲಿ ಹೇಳಿದ್ದಾರೆ, ಕವಚ ಬಿಚ್ಚಿದ್ದು ಗೊತ್ತಾದರೆ ನಾನೂ ಬೈಯುತ್ತೇನೆ, ಎರಡೂ ಭಯಕ್ಕೆ ಬಾಯಿ ಮುಚ್ಚಿಕೊಂಡಿದ್ದರು.

ಡ್ಯೂಟಿ ಡಾಕ್ಟರಿಗೆ ಈ ಕಾಯಿಲೆ ಹೊಸದಲ್ಲ. ಒದ್ದೆ ಸೊಪ್ಪಿನ ನಂಜು ಚರ್ಮದಲ್ಲೇ ಇಳಿಯುತ್ತದೆ, ದೊಡ್ಡವರಿಗೂ ತಲೆಸುತ್ತು ಬರುತ್ತದೆ, ಇಷ್ಟು ಚಿಕ್ಕ ಮೈಗೆ ಕೇಳಬೇಕೇ ಎಂದು ಡ್ರಿಪ್ ಹಾಕಿಸಿದರು. ಬಟ್ಟೆ ಬದಲಾಯಿಸಿ, ಮೈ ಕೈ ಸೋಪಿನಲ್ಲಿ ಚೆನ್ನಾಗಿ ತೊಳೆಯಲು ಹೇಳಿದರು. ಬೇಸಿನ್ನಿನಲ್ಲಿ ನೀರು ಹಿಡಿದು ನಾನೇ ಕೂತೆ. ಬಲಗೈ ತೊಳೆದೆ. ಎಡಗೈ ಎತ್ತಿಕೊಂಡು, ಅಭ್ಯಾಸದಂತೆ ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ಹೊರಗೆ ತಂದೆ.

ಹೆಬ್ಬೆರಳ ಬುಡದಲ್ಲಿ, ತೋರುಬೆರಳಿನ ನಡುವಿನ ಸಂದಿಯಲ್ಲಿ, ಅದೇ ಕಪ್ಪು ಹಸಿರು ಕಲೆ.

ಬೆರಳ ಬೆನ್ನಿನ ಮೇಲಿದ್ದಿದ್ದರೆ ಸೊಪ್ಪಿನ ರಾಶಿಗೆ ತಾಗಿರಬಹುದು ಅನ್ನಬಹುದಿತ್ತು. ಇದು ಒಳಗೆ. ಏಳು ವರ್ಷದಿಂದ ಮುಚ್ಚಿಕೊಂಡಿದ್ದ ಜಾಗ. ಅಲ್ಲಿಗೆ ರಸ ತಗುಲಬೇಕಾದರೆ ಹೆಬ್ಬೆರಳು ತಾನಾಗಿ ಹೊರಗೆ ಬಂದು, ಎಲೆಯ ತೊಟ್ಟನ್ನು ಹಿಡಿದು, ಮತ್ತೆ ಬಿಟ್ಟು, ಮತ್ತೆ ಹಿಡಿದಿರಬೇಕು. ಒಂದು ಸಲವಲ್ಲ. ಕಲೆ ದಪ್ಪವಾಗಿ, ಅಂಟಾಗಿ ಕೂತಿತ್ತು. ಒಂದು ವಾರ ನಾನು ಗೋಲಿ, ಸ್ಪಂಜು, ಕ್ಲಿಪ್ಪು ಹಿಡಿದು ಬೇಡಿದ್ದನ್ನು ಆ ಕೈ ನನ್ನ ಕಣ್ಣಿಗೆ ಬೀಳದ ಹಾಗೆ ಮಾಡಿತ್ತು. ಮಗು ಡ್ರಿಪ್ ಹಾಕಿಸಿಕೊಂಡು ಮಲಗಿದೆ, ನನ್ನಿಂದಲೇ ಮಲಗಿದೆ, ಅಂಥ ಹೊತ್ತಿನಲ್ಲಿ ನನಗೆ ಒಳಗೊಳಗೇ ಸಂತೋಷವಾಯಿತು. ಆ ಸಂತೋಷಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಸಂಜೆಯ ಹೊತ್ತಿಗೆ ಅವಳು ಎದ್ದು ಬನ್ನು ತಿಂದಳು. ಮಂಗಳವಾರ ಭವನಕ್ಕೆ ಬರಲಿಲ್ಲ. ಬೆಳಿಗ್ಗೆ ಮೈಸೂರಿನಲ್ಲಿರುವ ನಮ್ಮ ಹಿರಿಯ ಥೆರಪಿಸ್ಟ್‌ಗೆ ಫೋನ್ ಮಾಡಿ ನಡೆದದ್ದನ್ನು ಬಿಡದೆ ಹೇಳಿದೆ. ಉಳಿದ ದಿನಗಳಿಗೆ ಈ ಹುಡುಗಿಯ ಕವಚ ಪೂರ್ತಿ ತೆಗೆದು, ಎರಡೂ ಕೈ ಬೇಕಾಗುವ ಕೆಲಸವನ್ನೇ ಮಾಡಿಸುತ್ತೇನೆ ಎಂದೆ. ಅವರು, ನಡುವೆ ಕ್ರಮ ಬದಲಾಯಿಸಿದರೆ ಅವಳ ಅಳತೆ ವರದಿಗೆ ಬರುವುದಿಲ್ಲ, ಅದು ದೊಡ್ಡ ವಿಷಯವಲ್ಲ, ಆದರೆ ಕವಚ ತೆಗೆದ ಮರುಕ್ಷಣ ಬಲಗೈ ಎಲ್ಲವನ್ನೂ ಕಿತ್ತುಕೊಳ್ಳುತ್ತದೆ, ಆರು ದಿನದ ಕೆಲಸ ನೀರಿಗೆ ಹೋಗುತ್ತದೆ ಎಂದರು. “ನಿನಗೆ ಭಯ ಆಗಿದೆ,” ಎಂದರು. “ಭಯದಲ್ಲಿ ಚಿಕಿತ್ಸೆ ಬದಲಾಯಿಸಬೇಡ.”

ಅವರು ಹೇಳಿದ್ದು ಸುಳ್ಳಲ್ಲ. ನನಗೆ ಭಯವಾಗಿತ್ತು. ಆದರೆ ಫೋನ್ ಇಟ್ಟ ಮೇಲೆ ಹುಡುಗಿಯ ಫಾರ್ಮು ತೆರೆದು ನೋಡಿದೆ. ‘ಶೌಚದ ನಂತರ ಬಟ್ಟೆ ಹಾಕಿಕೊಳ್ಳುವುದು’. ನನ್ನದೇ ಅಕ್ಷರ. ಚಡ್ಡಿ ಎಳೆದುಕೊಳ್ಳಲು ಎರಡು ಹೆಬ್ಬೆರಳು ಬೇಕು. ಎರಡೂ ಪಕ್ಕದ ಎಲಾಸ್ಟಿಕ್ಕಿನೊಳಗೆ ಒಟ್ಟಿಗೆ ತೂರಬೇಕು, ಒಟ್ಟಿಗೆ ಮೇಲೆ ಬರಬೇಕು. ನಾನು ಒಂದು ಕೈಯನ್ನು ಕಟ್ಟಿಹಾಕಿ ಇನ್ನೊಂದರಲ್ಲಿ ಬಿಲ್ಲೆ ಎಣಿಸುತ್ತಿದ್ದೆ. ಅವಳಿಗೆ ಬೇಕಿದ್ದದ್ದು ಒಂದು, ನಾನು ಕಲಿಸುತ್ತಿದ್ದದ್ದು ಇನ್ನೊಂದು.

ಮಧ್ಯಾಹ್ನ ಅವರ ಊರಿಗೆ ಹೋದೆವು. ಬ್ಯಾರನ್ನಿನ ಮುಂದೆ ಶೀಟಿನ ನೆರಳಲ್ಲಿ ಹೆಂಗಸರು ಸಾಲಾಗಿ ಕೂತು ಸೊಪ್ಪು ಕಟ್ಟುತ್ತಿದ್ದರು. ಮೊದಲ ಬಾರಿ ನಾನು ಅದನ್ನು ಗಮನವಿಟ್ಟು ನೋಡಿದೆ. ಎಡಗೈ ಎರಡು ಮೂರು ಎಲೆಗಳ ತೊಟ್ಟನ್ನು ಕೂಡಿಸಿ ಕಡ್ಡಿಗೆ ಒತ್ತಿ ಹಿಡಿಯುತ್ತದೆ, ಬಲಗೈ ದಾರ ಸುತ್ತಿ ಬಿಗಿಯುತ್ತದೆ, ಎಡಗೈ ಬಿಟ್ಟು ಮುಂದಿನ ಎಲೆಗೆ ಹೋಗುತ್ತದೆ. ಒಂದು ಕೈಯಲ್ಲಿ ಮಾಡಲು ಸಾಧ್ಯವೇ ಇಲ್ಲದ ಕೆಲಸ. ಹುಡುಗಿ ಜಗಲಿಯ ಮೇಲೆ ಗಂಜಿ ಲೋಟ ಹಿಡಿದು ಕೂತಿದ್ದಳು. ನಾನು ತಂದೆಯ ಮುಂದೆ ನಿಂತು ತಪ್ಪು ನನ್ನದು, ನಿಮ್ಮ ಹೆಂಡತಿಯದಲ್ಲ ಎಂದೆ. ಅವರು ಒಲೆಯ ಬಾಯಿಗೆ ಸೌದೆ ತಳ್ಳುತ್ತಲೇ ಮಾತಾಡಿದರು.

“ನಿಮ್ಗೆ ಗೊತ್ತಾಗ್ನಿಲ್ಲ, ಸರಿ. ಸೊಪ್ನಲ್ಲೇ ಉಟ್ಟಿ ಬೆಳ್ದೋರು, ನಮ್ಗೆಲ್ಲೋಗಿತ್ತು ಬುದ್ಧಿ? ಸಾಕು ಕಣ್ರೀ. ಮಗಿನ ಕೈ ಎಂಗದೋ ಅಂಗೇ ಇರ್ಲಿ ಬುಡಿ.”

ನಾನು ವಾದ ಮಾಡಲಿಲ್ಲ. ಅಜ್ಜಿಯ ಹತ್ತಿರ ಹೋಗಿ, ಭಾನುವಾರ ಇವಳಿಗೆ ಎಲೆ ಹಿಡಿಯಲು ಹೇಗೆ ಹೇಳಿಕೊಟ್ಟಿರಿ ಎಂದು ಕೇಳಿದೆ. ಅಜ್ಜಿ ಮಗನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ನಾನೇನೂ ಯೋಳ್ಕೊಡ್ನಿಲ್ಲ ಕಣವ್ವ. ಕಟ್ಟು ಬಿಚ್ಚಿದ್ದೇ ತಡ, ತಾನೇ ತೊಟ್ಟು ಇಡ್ಕತು. ನಾನು ಒಂದು ಕಡ್ಡಿ ಮುಗ್ಸೋವಷ್ಟ್ರಲ್ಲಿ ಅದೂ ಅರ್ಧ ಕಡ್ಡಿ ಮಾಡ್ತು. ಪಂಥ ಕಟ್ಟಿತ್ತು ನನ್ ಕೂಡೆ.”

ಆ ಮಾತು ತಂದೆಗೆ ಕೇಳಿಸಿತು. ಯಾವ ಕೈಯಲ್ಲಿ ಎಂದು ಅಜ್ಜಿಯನ್ನು ಕೇಳಿದರು, ಎಡಗೈ ಎಂದು ತಿಳಿದು ಮತ್ತೆ ಸೌದೆ ತಳ್ಳಿದರು. ನಾನು ಎರಡು ಮಾತು ಕೊಟ್ಟೆ. ಹೊಗೆಸೊಪ್ಪಿನ ಒಂದು ಎಲೆಯನ್ನೂ ಅವಳು ಮುಟ್ಟುವುದಿಲ್ಲ. ಬಲಗೈಯನ್ನು ಇನ್ನು ಕಟ್ಟಿಹಾಕುವುದಿಲ್ಲ. ತಂದೆ ಎದ್ದು ಕೈ ಕೊಡವಿಕೊಂಡರು. “ಸೋಮಾರ ಇಸ್ಕೂಲು ತೆರೀತದೆ. ಅಲ್ಲೀಗಂಟ ಕರ್ಕೊಂಡೋಗಿ. ಆಗ್ನಿಲ್ಲ ಅಂದ್ರೆ ಇನ್ನು ಕೇಳ್ಬೇಡಿ.”

ಉಳಿದದ್ದು ನಾಲ್ಕು ದಿನ. ಅದರಲ್ಲಿ ಆಯುಧಪೂಜೆ ಒಂದು, ವಿಜಯದಶಮಿ ಒಂದು.

ಬುಧವಾರ ನಮ್ಮ ಹಿರಿಯ ಥೆರಪಿಸ್ಟ್ ಮಾತೇ ನಿಜವಾಯಿತು. ಕವಚ ಇಲ್ಲವೆಂದು ತಿಳಿದ ಕೂಡಲೇ ಬಲಗೈ ಮೈದುಂಬಿಕೊಂಡು ಎದ್ದಿತು. ಡಬ್ಬಿಯ ಮುಚ್ಚಳ ತೆಗೆಯಲು ಕೊಟ್ಟೆ, ಡಬ್ಬಿಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಬಲಗೈಯಲ್ಲಿ ತೆಗೆದಳು. ಮಣಿ ಪೋಣಿಸಲು ಕೊಟ್ಟೆ, ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಎಡಗೈ ಎದೆಗೆ ಅಂಟಿಕೊಂಡು, ಹೆಬ್ಬೆರಳು ಒಳಗೆ ಸೇರಿತ್ತು. ಹನ್ನೊಂದು ಗಂಟೆಗೆ ನನಗೆ ಕವಚವನ್ನು ಮತ್ತೆ ಕಟ್ಟಿಬಿಡುವ ಮನಸ್ಸಾಯಿತು. ಅದು ಕಿಟಕಿಯ ಮೇಲೇ ಇತ್ತು. ನಿಜಕ್ಕೂ ಎದ್ದು ಹೋಗಿ ಕೈಗೆತ್ತಿಕೊಂಡೆ ಕೂಡ.

ಮಂಡಿ ನೋವಿನಲ್ಲಿ ಅಷ್ಟು ದೂರ ಬಂದಿದ್ದ ಅಜ್ಜಿ ಬಾಗಿಲ ಹತ್ತಿರ ಕೂತು ಇದನ್ನೆಲ್ಲ ನೋಡುತ್ತಿದ್ದರು. ಮನೆಯಿಂದ ಎರಡು ಕಡ್ಡಿ, ಒಂದು ಉಂಡೆ ದಾರ ತಂದಿದ್ದರು. ಡ್ರೈವರನ್ನು ಕರೆದು ಯಾವುದಾದರೂ ಮರದ ಎಲೆ ತಾ ಎಂದರು. ಮರುದಿನದ ಪೂಜೆಗೆಂದು ಓಮ್ನಿಯಲ್ಲಿ ಮಾವಿನ ಸೊಪ್ಪಿನ ಹೊರೆ ಸಿದ್ಧವಿತ್ತು. ಅಜ್ಜಿ ಎರಡು ಕುರ್ಚಿಗಳ ನಡುವೆ ಕಡ್ಡಿಗಳನ್ನು ಅಡ್ಡ ಇಟ್ಟು, ಒಂದರ ಮುಂದೆ ತಾವು ಕೂತು, ಯಾರಿಗೂ ಏನೂ ಹೇಳದೆ ಕಟ್ಟತೊಡಗಿದರು. ಹುಡುಗಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಂದು ಇನ್ನೊಂದು ಕಡ್ಡಿಯ ಮುಂದೆ ಕೂತಳು. ಮೊದಲ ಎಲೆಗಳು ಜಾರಿ ಬಿದ್ದವು. ಹಲ್ಲಿಗೆ ದಾರ ಕೊಡಲು ನೋಡಿದಳು, ಕಡ್ಡಿ ದೂರವಿತ್ತು, ಆಗಲಿಲ್ಲ. ಅಜ್ಜಿಯ ಕಡ್ಡಿಯಲ್ಲಿ ನಾಲ್ಕು ಗೊಂಚಲು ಆಗಿತ್ತು. ಅಷ್ಟರಲ್ಲಿ ಎಡಗೈ ಎದೆಯಿಂದ ಇಳಿಯಿತು, ಮಣಿಕಟ್ಟು ನಡುಗುತ್ತಾ ಎದ್ದಿತು, ಹೆಬ್ಬೆರಳು ಹೊರಗೆ ಬಂದು ತೊಟ್ಟುಗಳನ್ನು ಕಡ್ಡಿಗೆ ಒತ್ತಿತು. ನಾನು ಕವಚವನ್ನು ಮೂಲೆಯಲ್ಲಿಟ್ಟೆ.

ಅಲ್ಲಿಂದ ಚಡ್ಡಿಯವರೆಗಿನ ದಾರಿಯನ್ನು ನಾನು ತುಂಡು ತುಂಡು ಮಾಡಿದೆ. ಮೊದಲು ಸೈಕಲ್ ಟ್ಯೂಬಿನ ಬಳೆ, ಕೂತಲ್ಲೇ ಪಾದದಿಂದ ಮಂಡಿಯವರೆಗೆ ಎರಡೂ ಹೆಬ್ಬೆರಳು ತೂರಿಸಿ ಎಳೆಯುವುದು. ಆಮೇಲೆ ದೊಡ್ಡ ಹುಡುಗರ ಅಗಲ ಚಡ್ಡಿಯನ್ನು ಲಂಗದ ಮೇಲೆಯೇ ಎಳೆದುಕೊಳ್ಳುವುದು. ಉಳಿದ ಮಕ್ಕಳೂ ತಮಗೂ ಬೇಕೆಂದು ಗಲಾಟೆ ಮಾಡಿ, ಆರು ಜನರೂ ಬಟ್ಟೆಯ ಮೇಲೆ ಚಡ್ಡಿ ಹಾಕಿಕೊಂಡು ಭವನದ ತುಂಬ ಓಡಾಡಿದರು. ಗುರುವಾರ ಆಯುಧಪೂಜೆಗೆ ಹುಡುಗಿ ಕಟ್ಟಿದ ಮಾವಿನ ಸೊಪ್ಪಿನ ತೋರಣವೇ ಓಮ್ನಿಯ ಮುಂದೆ. ಡ್ರೈವರ್ ಅದನ್ನು ಎರಡು ಕಡೆ ತಿರುಗಿಸಿ ನೋಡಿ, ಒಂದು ಗಂಟೂ ಸಡಿಲವಿಲ್ಲ ಎಂದು ಸರ್ಟಿಫಿಕೇಟು ಕೊಟ್ಟರು. ಮಾರನೇ ದಿನ ವಿಜಯದಶಮಿ, ಭವನಕ್ಕೆ ಬೀಗ. ಅವರ ಜಗಲಿಯಲ್ಲೇ ಪಾಠ ಮಾಡಿದೆ. ಚಡ್ಡಿಯ ಎಡಪಕ್ಕಕ್ಕೆ ಒಳಗಿನಿಂದ ಒಂದು ಬಟ್ಟೆಯ ಕುಣಿಕೆ ಹೊಲಿಯಲು ತಾಯಿಗೆ ಹೇಳಿದೆ, ಹೆಬ್ಬೆರಳಿಗೆ ಸಿಕ್ಕಲು ಒಂದು ಆಸರೆ. ಕೈಯನ್ನು ಸರಿಮಾಡುವ ಹಠದಲ್ಲಿ ಬಟ್ಟೆಯನ್ನೂ ಸರಿಮಾಡಬಹುದೆಂದು ಮೊದಲ ದಿನವೇ ಹೊಳೆಯಬೇಕಿತ್ತು.

ಆದರೂ ಶನಿವಾರದ ಪರೀಕ್ಷೆ ಗೆಲುವಾಗಲಿಲ್ಲ. ಬಿಲ್ಲೆ ಒಂಬತ್ತು ದಾಟಿತು, ಅದನ್ನು ಕೇಳುವವರಿಲ್ಲ. ಭವನದ ಬಚ್ಚಲಲ್ಲಿ, ನಿಜವಾದ ಚಡ್ಡಿಯಲ್ಲಿ, ನಿಂತುಕೊಂಡು, ನಾಲ್ಕು ಸಲ ಮಾಡಿಸಿದರೆ ಸರಿಯಾದದ್ದು ಒಂದು ಸಲ. ಮೂರು ಸಲ ಹೆಬ್ಬೆರಳು ಕುಣಿಕೆಯಿಂದ ಜಾರಿತು. ನಾಲ್ಕನೆಯ ಸಲಕ್ಕೆ ಏಳು ನಿಮಿಷ ಹಿಡಿಯಿತು. ಶಾಲೆಯಲ್ಲಿ ಏಳು ನಿಮಿಷ ಯಾರು ಕಾಯುತ್ತಾರೆ? ಭಾನುವಾರ ಪೂರ್ತಿ ನಾನು ಮನೆಯಲ್ಲಿ ಎಲ್ಲರ ಮೇಲೂ ರೇಗಾಡಿದೆ.

ಸೋಮವಾರ ಊಟದ ಬೆಲ್ಲಿಗೆ ಮೊದಲೇ ನಾನು ಶಾಲೆಯ ಹತ್ತಿರ ಇದ್ದೆ. ಅಜ್ಜಿ ನನಗಿಂತ ಮುಂಚೆ ಬಂದು ಹೊಂಗೆ ಮರದ ಕೆಳಗೆ ನಿಂತಿದ್ದರು. ಬರಬೇಡಿ ಎಂದಿದ್ದೆ. ಕಾಲು ತಾನೇ ಎಳಕೊಂಡು ಬಂತು ಎಂದರು. ಹುಡುಗಿ ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರು ಹಿಡಿದುಕೊಂಡು ಶೌಚಾಲಯಕ್ಕೆ ಹೋದಳು. ನಮ್ಮನ್ನು ನೋಡಲಿಲ್ಲ. ಬಾಗಿಲು ಮುಚ್ಚಿತು.

ನಾವು ಕಾದೆವು. ಇಬ್ಬರು ಹುಡುಗಿಯರು ಬಂದು ಸಾಲು ನಿಂತರು. ಒಬ್ಬಳು ಬಾಗಿಲು ಬಡಿದು, ಎಷ್ಟೊತ್ತೇ ಎಂದಳು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಹೆಜ್ಜೆ ಇಟ್ಟರು. ಈ ಸಲ ಅವರ ಮಣಿಕಟ್ಟು ಹಿಡಿದವಳು ನಾನು. ನನಗೂ ಓಡಿಹೋಗಿ ಬಾಗಿಲು ತಳ್ಳಬೇಕು ಅನ್ನಿಸುತ್ತಿತ್ತು. ಸಾಲಿನ ಹುಡುಗಿ ಮತ್ತೆ ಬಾಗಿಲು ಬಡಿದಳು.

ಚಿಲಕ ಸರಿದ ಸದ್ದಾಯಿತು. ಅವಳು ಹೊರಗೆ ಬಂದಳು, ಬಲಗೈಯಲ್ಲಿ ಮಗ್ಗು ಹಿಡಿದುಕೊಂಡು. ಎರಡು ಹೆಜ್ಜೆ ಮುಂದೆ ಬಂದು ನೀರಿನ ತೊಟ್ಟಿಯ ಕಡೆ ತಿರುಗಿದಾಗ ಹಿಂದಿನಿಂದ ಕಂಡಿತು, ಚಡ್ಡಿ ಎರಡೂ ಪಕ್ಕ ಮೇಲಿತ್ತು, ಆದರೆ ಲಂಗದ ಅಂಚು ಎಡಪಕ್ಕದಲ್ಲಿ ಅದರೊಳಗೆ ಸಿಕ್ಕಿಕೊಂಡಿತ್ತು. ಸಾಲಿನ ಹುಡುಗಿಯರು ಕಿಸಕ್ಕೆಂದರು. ಅಜ್ಜಿ ನನ್ನ ಕೈ ಕೊಸರಿಕೊಂಡರು. ಅಷ್ಟರಲ್ಲಿ ಹುಡುಗಿಯ ಎಡಗೈ ಹಿಂದಕ್ಕೆ ಹೋಯಿತು. ಯಾರೂ ಹೇಳಲಿಲ್ಲ, ಅವಳೂ ಆ ಕಡೆ ನೋಡಲಿಲ್ಲ. ತಡಕಾಡಿ, ಲಂಗದ ಅಂಚನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು, ಎಳೆದು, ಬಿಟ್ಟಿತು. ಮಗ್ಗನ್ನು ತೊಟ್ಟಿಯ ಹತ್ತಿರ ಇಟ್ಟು ಅವಳು ಕ್ಲಾಸಿನ ಕಡೆ ಓಡಿದಳು.

ಅಜ್ಜಿ ಹೊಂಗೆ ಮರದ ಬುಡದಲ್ಲಿ ಕೂತುಬಿಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ಒದ್ದೆಯಾಗಿತ್ತು.

“ನಾಳಿಂದ ನಾನು ಬರಾಕಿಲ್ಲ ಕಣವ್ವ,” ಎಂದರು.

ಮರುದಿನವೂ ಬಂದಿದ್ದರಂತೆ. ಮೇಷ್ಟ್ರು ಫೋನ್ ಮಾಡಿದಾಗ ಹೇಳಿದರು. ಹುಡುಗಿ ಗೇಟಿನ ಹತ್ತಿರವೇ ತಡೆದು ವಾಪಸ್ ಕಳಿಸಿದಳಂತೆ.